ಅಳಿಯಂದಿರ ಹವಾಮಾನ, ಅತ್ತೆಯ ಕುರಡಗಿ

ಹೋದ ಜನವರಿಯ ಒಂದು ಮುಂಜಾನೆ, ಎರಡು ಕಪ್ಪು ಚಹಾ ಕುಡಿದು, ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ. ಇನ್ನು ಮೇಲೆ ವಿಜಯಪುರದ ಬಿಸಿಲಾಗಲಿ, ಮಳೆಯಾಗಲಿ, ಥಂಡಿಯಾಗಲಿ, ನನಗೆ ಮೊದಲು ತಿಳಿಸದೆ ಊರೊಳಗೆ ಕಾಲಿಡಕೂಡದು! ದೆಹಲಿಯವರು ದೆಹಲಿಗೆ ಹೇಳಲಿ, ಬೆಂಗಳೂರಿನವರು ಬೆಂಗಳೂರಿಗೆ ಹೇಳಲಿ. ವಿಜಯಪುರದೊಳಗಿನ ನಮ್ಮ ಇಬ್ರಾಹಿಂಪುರ ಬಡಾವಣೆಯ ಹವಾಮಾನವನ್ನು ಇಬ್ರಾಹಿಂಪುರದವನೇ ಹೇಳಬೇಕು. ಆ ಮಹಾಪುರುಷ ನಾನೇ.

ನಾನು ಸತೀಶಕುಮಾರ, ಪ್ರೌಢಶಾಲೆಯ ಡ್ರಾಯಿಂಗ್ ಮಾಸ್ತರ. ಡ್ರಾಯಿಂಗಿಗೂ ಹವಾಮಾನಕ್ಕೂ ಏನು ಸಂಬಂಧ ಅಂತೀರಾ? ಹಾಗಾದರೆ ನೀವು ಹವಾಮಾನದ ನಕ್ಷೆಯನ್ನೇ ನೋಡಿಲ್ಲ. ನಾನು ಮೊಬೈಲಿನಲ್ಲಿ ಅದನ್ನು ಮೊದಲ ಸಲ ನೋಡಿದಾಗ ಕುರ್ಚಿಯಿಂದ ಎದ್ದು ನಿಂತೆ. ನೀಲಿ, ಹಸಿರು, ಹಳದಿ, ಕೇಸರಿ! ನಡುನಡುವೆ ಬಳುಕುವ ಗೆರೆಗಳು! ಎಲ್ಲಿ ನೀಲಿಯೋ ಅಲ್ಲಿ ಥಂಡಿ, ಎಲ್ಲಿ ಕೇಸರಿಯೋ ಅಲ್ಲಿ ಸೆಕೆ, ಎಲ್ಲಿ ಹಸಿರು ಕಲೆಯೋ ಅಲ್ಲಿ ಮಳೆ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಬಣ್ಣ ಕಲಿಸಿದವನಿಗೆ ಇದನ್ನು ಇನ್ನೊಬ್ಬರು ಕಲಿಸಬೇಕೆ? ನಕ್ಷೆಯ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಚಿತ್ರದ ಮೂಲೆಯಲ್ಲಿ ಚಿತ್ರಕಾರನ ಸಹಿ ಇರುತ್ತದಲ್ಲ, ಹಾಗೆ ಇರಬೇಕು ಎಂದುಕೊಂಡು ಬಿಟ್ಟುಬಿಟ್ಟೆ.

ಮೊದಲ ಭವಿಷ್ಯವಾಣಿ: "ಇಂದು ರಾತ್ರಿಯ ಕನಿಷ್ಠ ತಾಪಮಾನ ಹನ್ನೊಂದು ಡಿಗ್ರಿ ಆಸುಪಾಸು." ಮರುದಿನ ಪೇಪರಿನಲ್ಲಿ ಹನ್ನೊಂದೇ ಇತ್ತು! ಅದರ ಮರುದಿನ ಮತ್ತೆ ಹನ್ನೊಂದು ಅಂದೆ. ಹನ್ನೆರಡಿತ್ತು. ಆದರೆ ನಾನು 'ಆಸುಪಾಸು' ಅಂದಿದ್ದೆನಲ್ಲ! ಆ ಶಬ್ದವನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಹವಾಮಾನ ಹೇಳುವವರೆಲ್ಲ ಸೇರಿ ಒಂದು ಗುಡಿ ಕಟ್ಟಿಸಬೇಕು. ಚಳಿಗಾಲದಲ್ಲಿ ನಮ್ಮ ಊರಿನ ರಾತ್ರಿಗಳು ಸಂಭಾವಿತರಂತೆ ನಿನ್ನೆಯ ದಾರಿಯಲ್ಲೇ ನಡೆಯುತ್ತವೆ ಎಂಬ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ.

ಪಕ್ಕದ ಮನೆಯ ಲಾಡಲೇಸಾಬ ನನ್ನ ಮೊದಲ ಶಿಷ್ಯ. ಜೋರಾಪುರ ಪೇಟೆಯಲ್ಲಿ ಅವನದು ಕೂಲರ್ ರಿಪೇರಿ ಅಂಗಡಿ. ದಿನಾ ಸಂಜೆ ಕಾಂಪೌಂಡ್ ಗೋಡೆಯ ಮೇಲಿಂದ ತಲೆ ಹಾಕುತ್ತಿದ್ದ.

"ಮಾಸ್ತರ, ಈ ಸಲ ಸೆಕಿ ಹ್ಯಾಂಗ ಐತ್ರಿ? ಕೂಲರ್ ಹುಲ್ಲು ಎಷ್ಟ ತರಸ್ಲಿ?"

ನಾನು ಕಣ್ಣು ಮುಚ್ಚಿ, ತೆರೆದು, "ಕೇಸರಿ ಬಣ್ಣ ಸೋಲಾಪುರದ ತನಕ ಬಂದೈತಿ. ತರಸು," ಎನ್ನುತ್ತಿದ್ದೆ.

"ವಾಹ್! ಏನ್ ವಿದ್ಯಾ ರೀ ನಿಮ್ಮದು!" ಎಂದು ಅವನು ಹೋಗಿ ನಾಲ್ಕು ಜನರಿಗೆ ಹೇಳುತ್ತಿದ್ದ. ಫೆಬ್ರವರಿ ಮುಗಿಯುವುದರೊಳಗೆ ನನ್ನ ವಾಟ್ಸಾಪ್ ಬಳಗದಲ್ಲಿ ಇನ್ನೂರಾ ಹದಿನಾಲ್ಕು ಜನ. ವಿಜಯಪುರದವರು, ಟಿಕೋಟಾದವರು, ನನ್ನ ಮಾವನ ಊರಾದ ಬಬಲೇಶ್ವರದವರಂತೂ ಹಿಂಡುಹಿಂಡಾಗಿ!

ನಂಬದೆ ಉಳಿದದ್ದು ಒಂದೇ ಜೀವ. ಅದು ನನ್ನ ಹೆಂಡತಿ ನಂದಾ.

ನಕ್ಷೆಯ ಪ್ರಕಾರ ಥಂಡಿಯ ಪರಾಕಾಷ್ಠೆ ರಾತ್ರಿ ಸೊನ್ನೆ ಗಂಟೆಗೆ, ಅಂದರೆ ಸರಿಯಾಗಿ ಹನ್ನೆರಡಕ್ಕೆ. ಅದಾದ ಮೇಲೆ ತಾಪಮಾನ ಏರಲೇಬೇಕು. ಹಾಗಾಗಿ ಬೆಳಗಿನ ಜಾವ ನಾನು ನಂದಾ ಹೊದ್ದಿದ್ದ ಕೌದಿ ಎಳೆದು ಮಡಚಿ ಇಡಲು ಹೋದೆ.

"ಏನ್ ಮಾಡಾಕತ್ತೀರಿ? ನಡಗಾಕತ್ತೇನಿ ನಾನು!"

"ನಡುಗೂದು ತಪ್ಪು ನಂದಾ. ಥಂಡಿ ಹನ್ನೆರಡಕ್ಕ ಮುಗದೈತಿ. ಈಗ ಏರಿಕಿ."

"ಹಲ್ಲ ಕಟಕಟ ಅನ್ನಾಕತ್ತಾವ್ರಿ!"

"ಅದು ನಿನ್ನ ಹಲ್ಲಿನ ತಪ್ಪು."

ಕೌದಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ವಿಜ್ಞಾನದ ಕೈಯಲ್ಲಿ. ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರ್ ಕೂಡ ಅವಳ ಪಕ್ಷ ವಹಿಸಿ ಬೆಳಗಿನ ಐದೂವರೆಗೇ ಎಲ್ಲಕ್ಕಿಂತ ಕೆಳಗೆ ಇಳಿಯುತ್ತಿತ್ತು. ಅಗ್ಗದ ಮಾಲು, ನಿಧಾನಕ್ಕೆ ಎಚ್ಚರಾಗುತ್ತದೆ ಎಂದು ಅದನ್ನು ಕಿತ್ತು ಕಪಾಟಿನಲ್ಲಿ ಇಟ್ಟೆ.

ಇಷ್ಟರಲ್ಲಿ ನಂದಾಳ ತಂಗಿ ವಿಶಾಖಾಳ ಮದುವೆ ಟಿಕೋಟಾದ ಹುಡುಗನೊಂದಿಗೆ ಗೊತ್ತಾಯಿತು. ಮದುವೆ ಮೇ ತಿಂಗಳಲ್ಲಿ. ನಮ್ಮ ಕಡೆ ಮದುವೆಯೆಂದರೆ ಹುಡುಗಿಯ ಮನೆಯಿಂದ ಗಂಡಿನ ಮನೆಗೆ ಬುಟ್ಟಿ ಬುಟ್ಟಿ ಶಾವಿಗೆ, ಹಪ್ಪಳ, ಸಂಡಿಗೆ, ಕುರಡಗಿ ಹೋಗಬೇಕು. ಅದರಲ್ಲೂ ಕುರಡಗಿ! ಗೋಧಿಯನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ರುಬ್ಬಿ, ಹಾಲು ಹಿಂಡಿ, ತಿಳಿ ಬಸಿದು, ಉಪ್ಪು ಹಾಕಿ ಕುದಿಸಿ, ಚಕ್ಕಲಿ ಒತ್ತಿನಲ್ಲಿ ಒತ್ತಿ, ಬಿಸಿಲಿಗೆ ಒಣಗಿಸಬೇಕು. ನಾಲ್ಕು ದಿನದ ದುಡಿಮೆ, ಒಂದು ದಿನದ ಬಿಸಿಲು. ಆ ಒಂದು ದಿನ ಕೈಕೊಟ್ಟರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಗಂಡಿನ ತಾಯಿ ರಾಚವ್ವನ ಕೈಯ ಕುರಡಗಿ ಟಿಕೋಟಾದ ಸುತ್ತ ಹತ್ತು ಹಳ್ಳಿಗೆ ಹೆಸರುವಾಸಿ. ಅಂಥವರ ಮನೆಗೆ ನನ್ನ ಅತ್ತೆ ಗುರುಬಸವ್ವ ಕುರಡಗಿ ಕಳಿಸಬೇಕು! ರಾಚವ್ವನವರು ಬುಟ್ಟಿ ಬಿಚ್ಚಿ, ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಮುರಿದು, ನಾಲ್ಕು ಹೆಂಗಸರೆದುರು ಒಂದು ಮಾತು ಹೇಳುತ್ತಾರೆ. ಆ ಒಂದು ಮಾತಿನ ಮೇಲೆ ಅತ್ತೆಯ ಐವತ್ತು ವರ್ಷದ ಮರ್ಯಾದೆ ನಿಂತಿತ್ತು. ಅತ್ತೆಗೆ ಅನ್ನ ಇಳಿಯದು, ನಿದ್ದೆ ಹತ್ತದು.

ಫೋನು ಬಂತು. "ಅಳಿಯಂದ್ರ, ಕುರಡಗಿಗೆ ಗೋಧಿ ನೆನಿ ಹಾಕಬೇಕಂತ ಮಾಡೇನ್ರಿ. ಹದಿನೈದು ಸೇರು. ರಾತ್ರಿ ಸೆಕಿ ಹ್ಯಾಂಗ ಇರತೈತ್ರಿ? ಸೆಕಿ ಹೆಚ್ಚಾದ್ರ ಲಗೂ ಹುಳಿ ಬರತಾವ್ರಿ."

"ಮೂರೂ ರಾತ್ರಿ ಇಪ್ಪತ್ತೆರಡು ಆಸುಪಾಸು, ಅತ್ತೀ. ನಿಶ್ಚಿಂತಿಯಿಂದ ನೆನಿ ಹಾಕ್ರಿ."

ಹಾಗೆಯೇ ಆಯಿತು. ಗೋಧಿ ಹದವಾಗಿ ನೆನೆಯಿತು. ಅತ್ತೆ ಬಬಲೇಶ್ವರದ ತುಂಬ ಹೇಳಿಕೊಂಡು ಬಂದರು: "ನಮ್ಮ ಅಳಿಯಂದ್ರು ವಿಜಯಪುರದಾಗ ಕುಂತು ನಮ್ಮ ಹಂಡೆದಾಗಿನ ಗೋಧಿ ನೋಡ್ಯಾರ!" ನಾನು ಒಂದಿಂಚು ಎತ್ತರವಾದೆ. ಕುರಡಗಿ ಒತ್ತುವ ಗುರುವಾರ ನಾನೇ ಖುದ್ದಾಗಿ ಹಾಜರಿದ್ದು ಆಕಾಶವನ್ನು ನಿರ್ವಹಿಸುತ್ತೇನೆ ಎಂದು ರಜೆ ಹಾಕಿದೆ.

ಗುರುವಾರದ ನಕ್ಷೆಯಲ್ಲಿ ನಮ್ಮ ತಾಲೂಕಿನ ನೆತ್ತಿಯ ಮೇಲೆ ಹಸಿರು ಕಲೆ. ಗಂಟೆ: ಹನ್ನೆರಡು. ಅಡ್ಡಮಳೆ, ಅಂದರೆ ಅಕಾಲದ ಮಳೆ! ಮೂರರ ನಕ್ಷೆಯಲ್ಲಿ ಕಲೆ ಮಾಯ. ಲೆಕ್ಕ ಸರಳ. ಮಧ್ಯಾಹ್ನ ಹನ್ನೆರಡಕ್ಕೆ ಮಳೆ ಶುರು, ಮೂರಕ್ಕೆ ಆಕಾಶ ಸ್ವಚ್ಛ.

ಬೆಳಿಗ್ಗೆ ಏಳಕ್ಕೇ ಅತ್ತೆಯ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ದೊಡ್ಡ ಪಾತೇಲಿಯಲ್ಲಿ ಹಿಟ್ಟು ಕುದಿದು ಘಮಘಮ ಎನ್ನುತ್ತಿತ್ತು. ಮಾಳಿಗೆಯ ಮೇಲೆ ತೊಳೆದ ಧೋತರಗಳನ್ನು ಹಾಸಿದ್ದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಾನು ಮೆಟ್ಟಿಲಿಗೆ ಅಡ್ಡ ನಿಂತು ಕೈ ಎತ್ತಿದೆ.

"ಯಾರೂ ಮ್ಯಾಲ ಹೋಗಬ್ಯಾಡ್ರಿ! ಹನ್ನೆರಡಕ್ಕ ಮಳಿ ಐತಿ. ಮೂರರ ಮ್ಯಾಲ ಒತ್ರಿ. ರಾತ್ರಿ ಒಣಗಾಳಿ ಬೀಸತೈತಿ, ಇಪ್ಪತ್ನಾಲ್ಕು ಡಿಗ್ರಿ ಇರತೈತಿ, ಹಾಸಿದ್ದಲ್ಲೇ ಒಣಗ್ತಾವ."

ಹೆಂಗಸರು ಆಕಾಶ ನೋಡಿದರು. ಅಲ್ಲಿ ಒಂದು ಹತ್ತಿಯೆಳೆಯಷ್ಟೂ ಮೋಡವಿರಲಿಲ್ಲ. ಎಪ್ಪತ್ತು ದಾಟಿದ ಕಾಳವ್ವ, ಓಣಿಗೆಲ್ಲ ಕುರಡಗಿ ಒತ್ತಿಸುವ ಮುದುಕಿ, ನೆತ್ತಿಯ ಮೇಲೆ ಕೈ ಇಟ್ಟುಕೊಂಡು, "ಅಂಗೈ ಹುಣ್ಣಿಗೆ ಕನ್ನಡಿ ಯಾಕಬೇ ಗುರುಬಸವ್ವಾ? ಬಿಸಲ ಸುಡಾಕತ್ತೈತಿ," ಎಂದಳು.

"ಸುಮ್ಕಿರಬೇ ಕಾಳವ್ವಾ!" ಅತ್ತೆ ಪಿಸುಗುಟ್ಟಿದರು. "ಅಳಿಯಂದ್ರು ಹೇಳಾಕತ್ತಾರ. ಮನಿ ಅಳಿಯನ ಮಾತು ಮೀರಿದ್ರ ಚಂದೇನು?"

ಇಲ್ಲೇ ನೋಡಿ ನಮ್ಮ ಸೀಮೆಯ ವಿಶೇಷ! ಅಳಿಯ ಹೇಳಿದರೆ ಸೂರ್ಯನೂ ಸ್ವಲ್ಪ ಪಕ್ಕಕ್ಕೆ ಸರಿಯಬೇಕು. ಮಾವ ಬಸಗೊಂಡಪ್ಪನವರು ನೆತ್ತಿಯ ಬೆವರು ಒರೆಸಿಕೊಳ್ಳುತ್ತ, "ಹೌದ್ರಿ, ಸ್ವಲ್ಪ ಮೋಡ ಆದಂಗ ಕಾಣತೈತಿ," ಎಂದರು. ನಂದಾ ಮಾತ್ರ ಹಲ್ಲು ಕಚ್ಚಿ, "ರೀ, ನಮ್ಮವ್ವನ ಮಾನದ ಪ್ರಶ್ನೆ ಐತಿ. ಖಾತ್ರಿ ಐತೇನು?" ಎಂದಳು.

"ಅರ್ಧ ಜಿಲ್ಲಾ ನನ್ನ ಮಾತಿನ ಮ್ಯಾಲ ನಡ್ಯಾಕತ್ತೈತಿ ನಂದಾ!"

ಹನ್ನೆರಡಾಯಿತು. ಮಳೆ ಬರಲಿಲ್ಲ. ಒಂದಾಯಿತು. ಬಿಸಿಲಿಗೆ ಮಾಳಿಗೆಯ ಮೇಲಿನ ಧೋತರಗಳು ಗರಿಗರಿ ಆದವು. ಹನಿ ಬೀಳಲಿಲ್ಲ. ನಾನು ಬಳಗಕ್ಕೆ ಸಂದೇಶ ಹಾಕಿದೆ: "ಮಳೆಯು ಮೇಲ್ಮಟ್ಟದಲ್ಲಿಯೇ ಆಗಿ ಹೋಗಿರುತ್ತದೆ." ಇಂಥ ವಾಕ್ಯಕ್ಕೆ ಹದಿನೇಳು ಜನ ಕೈ ಮುಗಿದಿದ್ದರು!

ಆಗಲೇ ಟಿಕೋಟಾದಿಂದ ಬೀಗರ ಫೋನು. ಹುಡುಗನ ತಂದೆ. ಮದುವೆಯ ಪೆಂಡಾಲು ಎಲ್ಲಿ ಹಾಕುವುದೆಂದು ನೋಡಲು ಬರುವವರಿದ್ದರು. "ಏನ್ರೀ ಮಾಸ್ತರ, ಹೊರಡ್ಲೇನ್ರಿ? ದಾರ್ಯಾಗ ಮಳಿ ಗಿಳಿ?"

"ನಾಲ್ಕಕ್ಕ ಹೊರಡ್ರಿ ಬೀಗರ. ರಸ್ತೆ ಒಣಗಿರತೈತಿ, ಆಕಾಶ ತೊಳದಿಟ್ಟಂಗ ಇರತೈತಿ!"

ಮೂರೂವರೆಗೆ ನಾನು ಮೆಟ್ಟಿಲು ಬಿಟ್ಟೆ. ಹೆಂಗಸರು ಓಡಿದರು. ಆರಿದ ಹಿಟ್ಟನ್ನು ಮತ್ತೆ ಬಿಸಿ ಮಾಡಿ, ಕೈ ಸುಟ್ಟುಕೊಂಡು, ಐದೂಕಾಲರ ಹೊತ್ತಿಗೆ ಹದಿನೈದು ಸೇರು ಗೋಧಿಯ ಹಾಲನ್ನೆಲ್ಲ ಸಾಲಾಗಿ ಒತ್ತಿದರು. ಮಾಳಿಗೆ ತುಂಬ ಬೆಳ್ಳನೆಯ ಕುರಡಗಿ! ನನ್ನ ಕಲಾವಿದನ ಕಣ್ಣಿಗೂ ಅದು ಅದ್ಭುತವಾಗಿ ಕಂಡಿತು. ಅತ್ತೆಯ ಮುಖದಲ್ಲಿ ಎಷ್ಟೋ ದಿನಕ್ಕೆ ನಗು ಬಂತು. ಅದನ್ನು ನೋಡಿ ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಸರಿಯಾಗಿ ಐದೂವರೆಗೆ ಪಡುವಣದಲ್ಲಿ ಕಪ್ಪಾಯಿತು. ಮೊದಲು ಧೂಳು. ಆಮೇಲೆ ಗಾಳಿ. ಆಮೇಲೆ ಸ್ವರ್ಗದ ತೂಬು ಎತ್ತಿದಂತೆ ಮಳೆ, ಜೊತೆಗೆ ಗಜ್ಜುಗದ ಗಾತ್ರದ ಆಣೆಕಲ್ಲು!

"ಯವ್ವಾ! ಕುರಡಗೀ!" ಹೆಂಗಸರು ಮಾಳಿಗೆಗೆ ಹಾರಿದರು. ಎತ್ತಲು ಏನಿದೆ? ಹಸಿ ಹಿಟ್ಟು! ಮುಟ್ಟಿದರೆ ಕೈಗೆ, ಬಿಟ್ಟರೆ ನೀರಿಗೆ. ಹದಿನೈದು ಸೇರೂ ಕರಗಿ, ಹಾಲಾಗಿ, ಮಾಳಿಗೆಯ ನೀರು ಬೀಳುವ ಕೊಳವೆಯತ್ತ ಸಾಗಿದವು. ನಾನು ಕುರಡಗಿಗೆ ಹೊದಿಸಲು ತಾಡಪತ್ರಿ ಹಿಡಿದು ಅತ್ತಿತ್ತ ಓಡಿದೆ. ಗಾಳಿ ತಾಡಪತ್ರಿಯನ್ನು ನನ್ನ ಸಮೇತ ಸುತ್ತಿ ಮೂಲೆಗೆ ಒಗೆಯಿತು.

ಕೆಳಗೆ ಬೀಗರು ಆಗಷ್ಟೇ ಬಂದು, ಮೋಟಾರ್ ಸೈಕಲ್ ನಿಲ್ಲಿಸಿ, ಮಳೆಗೆ ಹೆದರಿ ಗೋಡೆಗೆ ಒತ್ತಿ ನಿಂತಿದ್ದರು. ಎಲ್ಲಿ? ಸರಿಯಾಗಿ ಕೊಳವೆಯ ಕೆಳಗೆ! ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ಸುತ್ತಿದ ಕೇಸರಿ ಪಟಗಾ. ಮೇಲಿಂದ ಗೋಧಿಯ ಹಾಲಿನ ಧಾರೆ ಅವರ ನೆತ್ತಿಯ ಮೇಲೆ ಅಭಿಷೇಕವಾಯಿತು. ನಾವೆಲ್ಲ ಕೆಳಗೆ ಓಡಿ ಬಂದಾಗ ಕೇಸರಿ ಪಟಗಾ ಬಿಳಿ ಪಟಗಾ ಆಗಿತ್ತು, ಮೀಸೆಯೂ ಬೆಳ್ಳಗಾಗಿತ್ತು.

 ಮದುವೆ ಇಲ್ಲಿಗೇ ಮುರಿಯಿತು ಎಂದುಕೊಂಡೆ. ಬೀಗರು ಮೀಸೆಗೆ ಅಂಟಿದ್ದ ಕುರಡಗಿಯ ಒಂದು ಎಳೆ ತೆಗೆದು, ಬಾಯಿಗೆ ಹಾಕಿ, ಚಪ್ಪರಿಸಿ, "ಉಪ್ಪು ಹದ ಐತಿ," ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ರೀ, ನಮ್ಮ ಧೋತರಕ್ಕ ಗಂಜಿ ಹಾಕಾಕ ಹದಿನೈದು ಸೇರು ಗೋಧಿ ಬೇಕಿತ್ತೇನ್ರಿ? ಆದ್ರ ಮಾಸ್ತರ, ನಮ್ಮ ರಾಚವ್ವ ಮಾತ್ರ ಕುರಡಗಿ ದಾರಿ ಕಾಯಾಕತ್ತಾಳ ನೋಡ್ರಿ. ಆಕೀಗೆ ಏನ್ ಹೇಳ್ಲಿ?"

ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ! ಹತ್ತು ನಿಮಿಷದ ಮೇಲೆ ಹೊರಗೆ ಬಂದು, "ಅಳಿಯಂದ್ರು ತೊಯ್ದಾರ. ಬಿಸಿ ಚಹಾ ಕೊಡ್ರಿ," ಎಂದರು. 

ನನ್ನನ್ನು ಪೋಸ್ಟ್‌ಮಾರ್ಟಂ ಮಾಡಿದವಳು ವಿಶಾಖಾ. ಕಾಲೇಜಿನಲ್ಲಿ ಭೂಗೋಳ ಓದಿದ ಹುಡುಗಿ. "ಮಾಮಾ, ಮೊಬೈಲ್ ಕೊಡ್ರಿ ಇಲ್ಲಿ," ಎಂದು ಕಸಿದುಕೊಂಡು ನಕ್ಷೆಯ ಕೆಳಗಿನ ಇರುವೆ ಸಾಲನ್ನು ಬೆರಳಿನಿಂದ ದೊಡ್ಡದು ಮಾಡಿದಳು.

"ಮಾಮಾ, ಇದು ನಮ್ಮ ಟೈಮ್ ಅಲ್ರಿ. ಲಂಡನ್ ಕಡೇ ಟೈಮ್. ಜಗತ್ತಿನ ನಕ್ಷಾ ಎಲ್ಲಾ ಇದರಾಗ ಇರತಾವ. ನಮ್ಮದು ಐದೂವರಿ ತಾಸು ಮುಂದ ಐತಿ. ಹನ್ನೆರಡಕ್ಕ ಐದೂವರಿ ಕೂಡಸ್ರಿ."

ನಾನು ಬೆರಳು ಮಡಚಿದೆ. ಸಂಜೆ ಐದೂವರೆ.

"ಅಂದ್ರ," ನಂದಾ ಸೊಂಟದ ಮೇಲೆ ಕೈ ಇಟ್ಟಳು, "ರಾತ್ರಿ ಸೊನ್ನಿ ಗಂಟಿ ಥಂಡಿ ಅಂದ್ರ ಬೆಳಿಗ್ಗೆ ಐದೂವರಿ. ಹೌದಿಲ್ಲೋ? ಲಂಡನ್ನಿನ ಗಡಿಯಾರ ನೋಡಿ ಎರಡ ತಿಂಗಳ ನನ್ನ ಕೌದಿ ಕಸಗೊಂಡ್ರಲ್ರಿ!"

ನಾನು ತಲೆ ತಗ್ಗಿಸಿದೆ. ಆದರೆ ಒಳಗೊಳಗೆ, ನೋಡಿ, ಒಂದು ಸಣ್ಣ ಸಂತೋಷ. ನಕ್ಷೆ ತಪ್ಪಿರಲಿಲ್ಲ! ನಾನೂ ಅರ್ಧ ತಪ್ಪಿರಲಿಲ್ಲ! ಐದೂವರೆ ತಾಸು ಕೂಡಿಸಿದರೆ ನಾನು ಮತ್ತೆ ಆಕಾಶದ ಒಡೆಯ. ಮನೆಗೆ ಬಂದವನೇ ಥರ್ಮಾಮೀಟರಿಗೆ ಕ್ಷಮೆ ಕೇಳಿ ಮತ್ತೆ ಗೋಡೆಗೆ ಏರಿಸಿದೆ. ಹತ್ತು ದಿನ ಊಟ ಬಿಟ್ಟು ಅಭ್ಯಾಸ ಮಾಡಿದೆ. ಹತ್ತೂ ದಿನ ಗುಂಡು ಹೊಡೆದಂತೆ ಸರಿ ಬಂತು. ಆದರೆ ಕುರಡಗಿಯ ಸುದ್ದಿ ಹಬ್ಬಿ ಬಳಗದಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಅದು ಗೊತ್ತಾದದ್ದು ನನಗೆ ಮತ್ತು ಗೋಡೆಗೆ ಮಾತ್ರ.

ಹನ್ನೊಂದನೆಯ ದಿನ ಅತ್ತೆಯ ಫೋನು ಬಂತು! ನನ್ನ ಕಣ್ಣಲ್ಲಿ ನೀರೇ ಬಂತು.

"ಅಳಿಯಂದ್ರ, ಮತ್ತ ಹದಿನೈದು ಸೇರು ನೆನಿ ಹಾಕೇನ್ರಿ. ಇದ ಕಡೀ ಗೋಧಿ, ಇದ ಕಡೀ ಸರ್ತಿ. ಆ ಮ್ಯಾಲ ಮದುವಿ ಕೆಲಸ ಶುರು. ಸೋಮವಾರದ ಹವಾ ಹ್ಯಾಂಗ ಐತ್ರಿ? ಬಿಚ್ಚಿ ಹೇಳ್ರಿ."

ಎಂಥ ದೊಡ್ಡ ಮನಸ್ಸು! ನಾನು ನಾಲ್ಕು ನಕ್ಷೆ ತೆರೆದು, ಸಣ್ಣಕ್ಷರಗಳನ್ನು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿ, ಎರಡೆರಡು ಸಲ ಕೂಡಿಸಿ ಹೇಳಿದೆ: "ಮುಂಜಾನೆಯಿಂದ ಮಧ್ಯಾಹ್ನ ಮೂರರ ತನಕ ಖಣಖಣ ಬಿಸಲು. ನಾಲ್ಕೂವರಿಗೆ ಮಳಿ. ರಾತ್ರಿ ಇಪ್ಪತ್ತೊಂದು. ಈ ಸಲ ತಪ್ಪಿದ್ರ ಅಳಿಯ ಅನಬ್ಯಾಡ್ರಿ ಅತ್ತೀ!"

"ಆತ್ರಿ, ಆತ್ರಿ. ಮುಂಜಾನೆ ಬಿಸಲು, ನಾಲ್ಕೂವರಿಗೆ ಮಳಿ," ಎಂದು ಅತ್ತೆ ಎರಡು ಸಲ ಹೇಳಿಸಿಕೊಂಡು ಫೋನಿಟ್ಟರು.

ಸೋಮವಾರ ನಂದಾ ಮತ್ತು ವಿಶಾಖಾ ಸೀರೆ ತರಲು ಜೋರಾಪುರ ಪೇಟೆಗೆ ಬಂದಿದ್ದರು. ಶಾಲೆ ಮುಗಿಸಿ ನಾನೂ ಅಲ್ಲಿಗೆ ಹೋದೆ. ಇಡೀ ಬೆಳಗು ಬೆಂಕಿ ಬಿಸಿಲು. ಮೂರರ ತನಕ ಹಾಗೆಯೇ. ನಾಲ್ಕಕ್ಕೆ ಮೋಡ. ನಾಲ್ಕು ಇಪ್ಪತ್ತೆಂಟಕ್ಕೆ ಮೊದಲ ಹನಿ! ಲಾಡಲೇಸಾಬನ ಅಂಗಡಿಯ ಮುಂದೆ ನಾನು ಮಳೆಯಲ್ಲೇ ನಿಂತು ಎರಡೂ ಕೈ ಮೇಲೆತ್ತಿದೆ.

"ಎರಡ ನಿಮಿಷ ಮೊದಲ ಬಂತು, ಅಷ್ಟ!"

"ಖರೇ ಆತಲ್ರಿ!" ನಂದಾ ಕಣ್ಣರಳಿಸಿದಳು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅವಳು ನನ್ನನ್ನು ಆ ರೀತಿ ನೋಡಿದ್ದು ಅದೇ ಮೊದಲು. "ನಮ್ಮವ್ವನ ಕುರಡಗಿ ಉಳದ್ವು. ನಡೀರಿ, ಈಗ ಬಬಲೇಶ್ವರಕ್ಕ ಹೋಗೂನು. ಆಕೀ ಮುಖಾ ನೋಡಬೇಕು ನನಗ!"

ಬಿಸಿ ಜಿಲೇಬಿ ಒಂದು ಕಿಲೋ ಕಟ್ಟಿಸಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮಳೆಗೆ ಆಗಾಗ 'ಸಾಕು, ಸಾಕು' ಎಂಬಂತೆ ಕೈ ಆಡಿಸಿದೆ. ಅತ್ತೆ ಆರತಿ ಎತ್ತಬಹುದು. ಬೇಡ ಬೇಡ ಎನ್ನಬೇಕು. ಕಾಳವ್ವ ಬಂದು ತಪ್ಪಾಯಿತು ಅನ್ನಬಹುದು. ದೊಡ್ಡ ಮನಸ್ಸಿನಿಂದ ಬಿಟ್ಟುಬಿಡಬೇಕು. ಹೀಗೆ ಎಲ್ಲವನ್ನೂ ಯೋಚಿಸಿಕೊಂಡು ಇಳಿದೆ.

ಮನೆಯ ಮುಂದೆ ಕೊಳವೆಯಿಂದ ನೀರು ಬೀಳುತ್ತಿತ್ತು. ಆ ನೀರು ಬೆಳ್ಳಗಿತ್ತು.

ಅಂಗಳದಲ್ಲಿ ಹೆಂಗಸರು ತಲೆಯ ಮೇಲೆ ಕೈ ಹೊತ್ತು ಸಾಲಾಗಿ ಕೂತಿದ್ದರು. ಕಾಳವ್ವನ ಕೈ ಮೊಣಕೈತನಕ ಹಿಟ್ಟು. ಮಾವ ನನ್ನನ್ನು ಕಂಡೊಡನೆ ಗೋಡೆ ನೋಡತೊಡಗಿದರು. ನನ್ನ ಕೈಯಲ್ಲಿದ್ದ ಜಿಲೇಬಿಯ ಪೊಟ್ಟಣ ಎಲ್ಲಿಡಬೇಕೋ ತಿಳಿಯಲಿಲ್ಲ.

"ಅತ್ತೀ! ಏನ್ರಿ ಇದು? ನಾಲ್ಕೂವರಿಗೆ ಮಳಿ ಅಂತ ನಾ ಹೇಳಿದ್ನೆಲ್ರಿ! ಮುಂಜಾನೆ ಬಿಸಲಿತ್ತಲ್ರಿ! ಆವಾಗ ಹಾಕಲಿಲ್ಲೇನು?"

"ಇಲ್ರಿ. ಮುಂಜಾನೆ ಒಳಗ ಇಟ್ವಿ. ಮೂರೂವರಿಗೆ ಮಾಳಿಗಿ ಮ್ಯಾಲ ಹಾಕಿದ್ವಿ."

"ಯಾಕ್ರಿ? ನನ್ನ ಮಾತಿನ ಮ್ಯಾಲ ನಂಬಿಗಿ ಇರಲಿಲ್ಲೇನ್ರಿ?"

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣೊರೆಸಿಕೊಂಡು, ಎಂದಿನ ಮರ್ಯಾದೆಯಲ್ಲೇ ಹೇಳಿದರು:

"ಪೂರಾ ನಂಬಿಗಿ ಇಟ್ಟ ಉಲ್ಟಾ ಮಾಡಿದ್ವಿ ಅಳಿಯಂದ್ರ. ಕಡೀ ಹೊತ್ತಿನ್ಯಾಗ ನೀವು ಹಿಂಗ ಕೈ ಕೊಟ್ಟು ಖರೇ ಹೇಳಿಬಿಟ್ರ, ನಾವು ಯಾರನ್ನ ನಂಬೂನ್ರಿ?"